ಮನೆಯಲ್ಲಿದ್ದೇ ಮದ್ದು: ಕೊಡಗಿನಲ್ಲಿ ಕುಡಿತ ಮತ್ತು ಮನೋರೋಗದ ಹೊರರೋಗಿ ಚಿಕಿತ್ಸೆ ಎಲ್ಲಿ ಕೈಕೊಡುತ್ತಿದೆ?

ಮನೆಯಲ್ಲಿ ಒಬ್ಬರ ಕುಡಿತ ಮಿತಿ ಮೀರಿದೆ ಎಂದು ಎಲ್ಲರೂ ಒಪ್ಪಿಕೊಂಡ ಮೇಲೆ ಕೊಡಗಿನಲ್ಲಿ ಮಾತು ಎರಡೇ ದಾರಿಗಳ ಸುತ್ತ ತಿರುಗುತ್ತದೆ. ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು, ಇಲ್ಲವೇ ಅಯ್ಯಪ್ಪನ ಮಾಲೆ ಹಾಕಿಸುವುದು ಒಂದು. ಮೈಸೂರಿಗೋ ಮಂಗಳೂರಿಗೋ ಕರೆದುಕೊಂಡು ಹೋಗಿ ‘ಸೆಂಟರಿಗೆ ಸೇರಿಸುವುದು’ ಇನ್ನೊಂದು. ಮೊದಲನೆಯದು ಸಾಮಾನ್ಯವಾಗಿ ಕೆಲವು ವಾರ ನಡೆಯುತ್ತದೆ. ಎರಡನೆಯದಕ್ಕೆ ದುಡ್ಡು ಬೇಕು, ದುಡಿಯುವ ಕೈ ವಾರಗಟ್ಟಲೆ, ತಿಂಗಳುಗಟ್ಟಲೆ ಮನೆಯಿಂದ ದೂರ ಇರಬೇಕು, ಊರಿನವರಿಗೆ ಏನಾದರೊಂದು ನೆಪ ಹೇಳಬೇಕು. ಇವೆರಡರ ನಡುವೆ ಮೂರನೆಯದೊಂದು ದಾರಿ ಇದೆ. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೋಗಿ ಚೀಟಿ ಮಾಡಿಸಿ, ಡಾಕ್ಟರ ಹತ್ತಿರ ಮಾತಾಡಿ, ಮಾತ್ರೆ ತೆಗೆದುಕೊಂಡು ಮನೆಗೆ ಬರುವುದು. ಮನೆಯಲ್ಲೇ ಇದ್ದು, ಆದಷ್ಟು ಬೇಗ ಕೆಲಸಕ್ಕೂ ಹೋಗುತ್ತಾ ಗುಣವಾಗುವುದು. ಬಿಪಿ, ಶುಗರ್‌ಗೆ ನಾವೆಲ್ಲ ಮಾಡುತ್ತಿರುವುದು ಇದನ್ನೇ. ಕುಡಿತಕ್ಕೂ ಖಿನ್ನತೆಗೂ ಹೀಗೇ ಚಿಕಿತ್ಸೆ ಪಡೆಯಬಹುದು ಎಂದರೆ ಮಾತ್ರ ನಂಬುವವರು ಕಡಿಮೆ.

ಕೊಡಗಿನ ಬಹುಪಾಲು ರೋಗಿಗಳಿಗೆ ಸರಿಹೊಂದುವುದು ಈ ಮೂರನೆಯ ದಾರಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಇಲ್ಲಿ ಸೋಲುತ್ತಿರುವುದು ಮೊದಲ ಭೇಟಿಯಲ್ಲಿ ಅಲ್ಲ. ಎರಡನೆಯ, ಮೂರನೆಯ ಭೇಟಿಯಲ್ಲಿ.

ದೇಶದ ಮಟ್ಟದ ಚಿತ್ರ ಮೊದಲು ನೋಡೋಣ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಶೇ. 14.6 ಮಂದಿ ಮದ್ಯ ಸೇವಿಸುತ್ತಾರೆ. ಸುಮಾರು 5.7 ಕೋಟಿ ಜನರಿಗೆ ಕುಡಿತದ ತೊಂದರೆಗೆ ನೆರವು ಬೇಕಿದೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಕುಡಿತದ ಕಾಯಿಲೆ ಇರುವವರಲ್ಲಿ ಶೇ. 86 ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ಸೇರಿಸಿಯೇ ಗುಣಪಡಿಸುತ್ತೇವೆ ಎಂದು ಹೊರಟರೆ ಇಷ್ಟು ಜನರಿಗೆ ಹಾಸಿಗೆ ಎಲ್ಲಿಂದ ತರುವುದು? 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ ಚಿಲ್ಲರೆ. ರಾಜ್ಯದ ಸಣ್ಣ ಜಿಲ್ಲೆಗಳಲ್ಲಿ ಒಂದಾದ ಇಲ್ಲೂ ಹಾಸಿಗೆಯ ಲೆಕ್ಕ ಹಿಡಿದು ಹೋದರೆ ಯಾವತ್ತೂ ಮುಟ್ಟುವುದಿಲ್ಲ.

ಹೊರರೋಗಿ ವಿಭಾಗದಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ, ಭಯ ಇರುವುದೂ ಅದಕ್ಕೇ. ಡಾಕ್ಟರು ಮೊದಲು ಕೇಳುವುದು ಕೊನೆಯ ಪೆಗ್ ಯಾವಾಗ ಆಯಿತು ಎಂದು. ಎರಡೂ ಕೈ ಮುಂದಕ್ಕೆ ಚಾಚಿ ಬೆರಳು ಅಗಲಿಸಲು ಹೇಳುತ್ತಾರೆ. ಬೆರಳ ತುದಿಯ ನಡುಕ, ಹಣೆಯ ಬೆವರು, ನಾಡಿಯ ವೇಗ ನೋಡುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕಾಫಿ ಲೋಟ ಹಿಡಿಯಲು ಆಗುತ್ತದೆಯೇ, ಹಿಂದೆ ಯಾವಾಗಲಾದರೂ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ ವಸ್ತು ಕಂಡಿತ್ತೇ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ಕೇಳುತ್ತಾರೆ. ಈ ಹತ್ತು ನಿಮಿಷದ ಮಾತುಕತೆಯಲ್ಲೇ ಮನೆಗೆ ಕಳಿಸಬಹುದೋ ಸೇರಿಸಲೇಬೇಕೋ ಎಂಬುದು ತೀರ್ಮಾನವಾಗುತ್ತದೆ.

ದಿನವೂ ಕುಡಿಯುತ್ತಿದ್ದ ದೇಹಕ್ಕೆ ಮದ್ಯ ಒಮ್ಮೆಗೇ ನಿಂತರೆ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ, ನಿದ್ದೆ ಹತ್ತುವುದಿಲ್ಲ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನದೊಳಗೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಬುದ್ಧಿಭ್ರಮೆ ಹಿಡಿಯುತ್ತದೆ. ತಾನು ಎಲ್ಲಿದ್ದೇನೆ ಎಂದು ತಿಳಿಯುವುದಿಲ್ಲ, ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕಾಣುತ್ತದೆ, ಮೈ ಸುಡುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಅಪಾಯ. ಊರಲ್ಲಿ ಇದನ್ನು ಗಾಳಿ ಸೋಕಿದ್ದು, ದೈವದ ಮುನಿಸು ಎಂದುಕೊಂಡು ಒಂದು ರಾತ್ರಿ ಕಳೆದುಬಿಡುವುದೂ ಉಂಟು. ಆ ಒಂದು ರಾತ್ರಿ ಬಹಳ ದುಬಾರಿ.

ಮಾಲೆ ಹಾಕುವ ವಿಚಾರ ಇಲ್ಲಿ ಹೇಳಲೇಬೇಕು. ವ್ರತದ ಮೇಲೆ ನನಗೆ ಗೌರವವಿದೆ. ಆ ನಲವತ್ತೊಂದು ದಿನ ಎಷ್ಟೋ ಮನೆಗಳಲ್ಲಿ ಜಗಳ ನಿಂತು ಮಕ್ಕಳು ಅಪ್ಪನ ಜೊತೆ ಕೂತು ಊಟ ಮಾಡುತ್ತಾರೆ. ಆದರೆ ಬೆಳಿಗ್ಗೆಯಿಂದಲೇ ಕುಡಿಯುವಷ್ಟು ಅಂಟಿಕೊಂಡವರು ಮಾಲೆ ಹಾಕಿದ ದಿನವೇ ಏಕಾಏಕಿ ನಿಲ್ಲಿಸುವುದು ಅಪಾಯ. ಅಂಥವರು ಮಾಲೆಗೆ ಒಂದೆರಡು ವಾರ ಮೊದಲೇ ಆಸ್ಪತ್ರೆಗೆ ಹೋಗಿ, ಮಾತ್ರೆಯ ಆಸರೆಯಲ್ಲಿ ಕುಡಿತ ನಿಲ್ಲಿಸಿ, ಆಮೇಲೆ ವ್ರತ ಹಿಡಿಯಲಿ. ಗುರುಸ್ವಾಮಿಗಳು ಈ ಒಂದು ಮಾತನ್ನು ಹೇಳತೊಡಗಿದರೆ ಎಷ್ಟೋ ಫಿಟ್ಸ್ ತಪ್ಪುತ್ತದೆ. ವ್ರತದ ನಲವತ್ತೊಂದು ದಿನ ಒಂದು ಆರಂಭ ಅಷ್ಟೇ; ಮಾಲೆ ತೆಗೆದ ಮರುದಿನದಿಂದ ಏನು ಮಾಡಬೇಕು ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ಚಿಕಿತ್ಸೆ.

ಹಿಂದೆ ಫಿಟ್ಸ್ ಅಥವಾ ಬುದ್ಧಿಭ್ರಮೆ ಬಂದವರು, ಕಾಮಾಲೆಯಾಗಿ ಹೊಟ್ಟೆಯಲ್ಲಿ ನೀರು ತುಂಬಿದವರು, ಗರ್ಭಿಣಿಯರು, ತೀರಾ ವಯಸ್ಸಾದವರು, ಸಾಯುವ ಮಾತಾಡುವವರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು, ಇವರನ್ನು ಸೇರಿಸಿಕೊಂಡೇ ಕುಡಿತ ಬಿಡಿಸಬೇಕು. ಇದರಲ್ಲಿ ರಾಜಿ ಬೇಡ. ಉಳಿದವರಿಗೆ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್‌ನಂಥ ಮಾತ್ರೆಗಳನ್ನು ಮೊದಲ ದಿನ ಹೆಚ್ಚು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ, ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಮಾತ್ರೆ ಹೆಂಡತಿಯ ಕೈಯಲ್ಲೋ ಅಮ್ಮನ ಕೈಯಲ್ಲೋ ಇರಬೇಕು, ಒಂದೊಂದೇ ಹೊತ್ತಿನದನ್ನು ಅವರೇ ಕೊಡಬೇಕು. ವಾರ ಮುಗಿದ ಮೇಲೆ ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಅದೇ ‘ನಿದ್ದೆ ಮಾತ್ರೆ’ ತರಿಸಿಕೊಳ್ಳುವುದು ಇನ್ನೊಂದು ಚಟಕ್ಕೆ ಬಾಗಿಲು ತೆರೆದಂತೆ. ಜೊತೆಗೆ ಥಯಮಿನ್ ಎಂಬ ಬಿ1 ಜೀವಸತ್ವವನ್ನು ತಪ್ಪದೆ ಕೊಡುತ್ತಾರೆ. ಕುಡಿದು ಕುಡಿದು ಊಟ ಬಿಟ್ಟವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ‘ಎರಡು ಬಾಟ್ಲಿ ಗ್ಲೂಕೋಸ್ ಹಾಕಿಸಿ’ ಎನ್ನುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ಬಾಟ್ಲಿ ಹಾಕುವ ಮೊದಲು ಬಿ1 ಕೊಟ್ಟಿರಾ ಎಂದು ಕೇಳುವುದು ಮನೆಯವರ ಹಕ್ಕು.

ಈ ಒಂದು ವಾರ ಚಿಕಿತ್ಸೆಯ ಮುನ್ನುಡಿ ಮಾತ್ರ. ದೇಹ ಶಾಂತವಾದ ಮೇಲೆ ಮನಸ್ಸು ಕೇಳತೊಡಗುತ್ತದೆ. ಕುಡಿಯಬೇಕೆಂಬ ತುಡಿತ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳಿವೆ. ಯಾವುದು ಎಂದು ಲಿವರ್, ಕಿಡ್ನಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷದವರೆಗೆ ತೆಗೆದುಕೊಳ್ಳಬೇಕು. ಡೈಸಲ್ಫಿರಾಮ್ ಎಂಬ ಇನ್ನೊಂದಿದೆ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ರೋಗಿಗೆ ಎಲ್ಲವನ್ನೂ ತಿಳಿಸಿ, ಅವರ ಒಪ್ಪಿಗೆ ಪಡೆದೇ ಕೊಡಬೇಕಾದ ಔಷಧ ಅದು. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂಬ ಜಾಹೀರಾತು ಗೋಡೆಗಳ ಮೇಲೂ ಫೋನಿನಲ್ಲೂ ಕಾಣುತ್ತಿರುತ್ತದೆ. ಆ ಪುಡಿಯಲ್ಲಿ ಏನಿದೆ ಎಂದು ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಡೈಸಲ್ಫಿರಾಮ್‌ನಂಥದ್ದು ಇದ್ದರೆ, ಗುಟ್ಟಾಗಿ ತಿನ್ನಿಸಿದ ತಾಯಿಯೋ ಹೆಂಡತಿಯೋ ಮರುದಿನ ಸಾವಿಗೆ ಹೊಣೆಯಾಗಬೇಕಾದೀತು. ದಯವಿಟ್ಟು ಯಾರೂ ಅದನ್ನು ತರಬೇಡಿ.

ಮನೆಗೆ ಕಳಿಸಿ ಚಿಕಿತ್ಸೆ ಕೊಟ್ಟರೆ ಗುಣವಾಗುತ್ತದೆ ಎಂಬುದಕ್ಕೆ ಪುರಾವೆ ಏನು? ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಕುಡಿತ ಬಿಟ್ಟಾಗ ಸಾಧಾರಣ ಮಟ್ಟದ ತೊಂದರೆ ಕಾಣಿಸಿಕೊಳ್ಳುವ 164 ಗಂಡಸರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 1989ರಲ್ಲಿ ಪ್ರಕಟವಾಯಿತು. ಅವರೂ ಅನುಕೂಲಸ್ಥರಲ್ಲ, ಬಡವರು. ಆಸ್ಪತ್ರೆಗೆ ಸೇರಿದವರಲ್ಲಿ ಶೇ. 95 ಮಂದಿ ಮೊದಲ ಹಂತ ಪೂರೈಸಿದರು, ಮನೆಯಿಂದ ಬಂದುಹೋಗುತ್ತಿದ್ದವರಲ್ಲಿ ಶೇ. 72. ಆರು ತಿಂಗಳ ನಂತರ ನೋಡಿದಾಗ ಎರಡೂ ಗುಂಪು ಸುಧಾರಿಸಿತ್ತು, ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಹೊರರೋಗಿ ಚಿಕಿತ್ಸೆಯ ಖರ್ಚು ಒಳರೋಗಿಯದರ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ನಮಗೆ ಹತ್ತಿರದ ಗೋವಾದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 377 ಗಂಡಸರ ಮೇಲೆ ನಡೆದ ಪ್ರಯೋಗ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿ ಆಪ್ತಸಮಾಲೋಚನೆ ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯರು. ನಾಲ್ಕು ಕೂರುವಿಕೆಯೊಳಗೆ ಮುಗಿಯುವ ಮಾತುಕತೆ. ಮೂರು ತಿಂಗಳಲ್ಲಿ ಈ ಮಾತುಕತೆ ಸಿಕ್ಕವರಲ್ಲಿ ಶೇ. 36 ಮಂದಿ ಅಪಾಯಕಾರಿ ಕುಡಿತದಿಂದ ಹೊರಬಂದಿದ್ದರು, ಎಂದಿನ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ. 26. ಪೂರ್ತಿ ದಾಸರಾದವರನ್ನು ಆ ಪ್ರಯೋಗಕ್ಕೆ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಇದು ಆಗುವ ಕೆಲಸ ಎಂದು ಅದು ತೋರಿಸಿಕೊಟ್ಟಿದೆ.

ನನ್ನ ಚಿಂತೆ ಫಿಲಡೆಲ್ಫಿಯಾದಲ್ಲಿ ನಡುವೆಯೇ ಬಿಟ್ಟುಹೋದ ಆ ಶೇ. 28 ಮಂದಿಯ ಕುರಿತು. ಕೊಡಗಿನಲ್ಲಿ ಆ ಪ್ರಮಾಣ ಏರಲು ಬೇಕಾದ ಕಾರಣಗಳು ಸಾಲಾಗಿ ನಿಂತಿವೆ.

ಜಿಲ್ಲೆಯ ದಕ್ಷಿಣ ಅಂಚಿನ ಕುಟ್ಟದಿಂದ ಜಿಲ್ಲಾ ಕೇಂದ್ರ ಮಡಿಕೇರಿಗೆ ಸುಮಾರು 80 ಕಿಲೋಮೀಟರ್. ರೈಲಿಲ್ಲದ ಜಿಲ್ಲೆ, ಬಸ್ಸೇ ಗತಿ. ತೋಟದ ಕಾರ್ಮಿಕರು ಇರುವ ಲೈನ್ ಮನೆಯಿಂದ ರಸ್ತೆಗೆ ನಡೆದು, ಒಂದು ಬಸ್ಸು ಹಿಡಿದು, ಇನ್ನೊಂದು ಬದಲಿಸಿ ಬಂದರೆ ಅರ್ಧ ದಿನ ಕಳೆಯಿತು. ಡಾಕ್ಟರು ಸಿಕ್ಕಿ ಮಾತ್ರೆ ಕೈಗೆ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದ ಹೆಂಡತಿಯದೂ ಹೋಯಿತು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಕುಯ್ದ ತೂಕಕ್ಕೆ ದುಡ್ಡು. ಆಗ ‘ಮುಂದಿನ ವಾರ ಮತ್ತೆ ಬನ್ನಿ’ ಎಂಬ ಮಾತಿಗೆ ತಲೆಯಾಡಿಸಿ ಹೋದವರು ಬರುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು, ಗುಡ್ಡದ ಬರೆ ಕುಸಿದು ರಸ್ತೆ ಬಂದ್ ಆದಾಗಲೂ ಬರುವುದಿಲ್ಲ. ಹೀಗೆ ಬಾರದವರನ್ನು ‘ಅವನಿಗೆ ಬಿಡುವ ಮನಸ್ಸಿಲ್ಲ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ. ಇದು ಅನ್ಯಾಯ.

ಶನಿವಾರ ಬಟವಾಡೆಯಾದರೆ ಭಾನುವಾರದ ಹೊತ್ತಿಗೆ ವಾರದ ದುಡಿಮೆಯ ದೊಡ್ಡ ಪಾಲು ವೈನ್ ಶಾಪಿಗೆ ಸೇರಿರುವುದು ತೋಟದ ಲೈನಿನಲ್ಲಿ ಬದುಕಿದವರಿಗೆಲ್ಲ ಗೊತ್ತು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ ಹೋಯಿತು, ಕುಡಿತ ಹೋಗಲಿಲ್ಲ. ತೋಟದ ಹೊರಗೂ ಪರಿಸ್ಥಿತಿ ಬೇರೆಯಲ್ಲ. ಕೊಡವರಲ್ಲಿ ಕಾರಣರಿಗೆ, ಅಂದರೆ ಕುಲದ ಹಿರಿಯರಿಗೆ, ಎಡೆ ಇಡುವಾಗಲೂ ಮದ್ಯ ಇರುತ್ತದೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳು, ಮದುವೆ ಎಲ್ಲದರಲ್ಲೂ ಗ್ಲಾಸು ಮುಂದೆ ಬರುತ್ತದೆ. ನಾನು ಆ ಆಚರಣೆಗಳನ್ನು ದೂರುತ್ತಿಲ್ಲ. ಕುಡಿತ ಬಿಟ್ಟವನೊಬ್ಬ ಆ ಮದುವೆ ಮನೆಯಲ್ಲಿ ನಿಂತು ‘ಬೇಡ’ ಎನ್ನಲು ಎಷ್ಟು ಒದ್ದಾಡಬೇಕು ಎಂಬುದನ್ನು ಚಿಕಿತ್ಸೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುತ್ತಿದ್ದೇನೆ. ‘ಒಂದು ಪೆಗ್‌ಗೆ ಏನಾಗುತ್ತದೆ ಮಾರಾಯ’ ಎಂದು ಭಾವ ಒತ್ತಾಯಿಸಿದರೆ ಯಾವ ಮಾತು ಹೇಳಬೇಕು, ಎಷ್ಟು ಹೊತ್ತಿಗೆ ಊಟ ಮುಗಿಸಿ ಹೊರಡಬೇಕು ಎಂಬುದನ್ನು ಆಪ್ತಸಮಾಲೋಚಕರು ರೋಗಿಯ ಜೊತೆ ಕೂತು ಮೊದಲೇ ಆಡಿ ತೋರಿಸಬೇಕು. ಪುತ್ತರಿಗೆ ಹದಿನೈದು ದಿನ ಮುಂಚೆ ಒಂದು ಭೇಟಿ ಇಟ್ಟುಕೊಳ್ಳುವುದು ನೂರು ಭಾಷಣಕ್ಕಿಂತ ಉಪಯೋಗ.

ಕುಡಿತದ ಹಿಂದೆ ಇನ್ನೊಂದು ಕಾಯಿಲೆ ಅಡಗಿರುವುದು ಅಪರೂಪವಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲದ ಕಡೆ ಬೆಟ್ಟ ಜಾರಿ ಮನೆ, ತೋಟ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮನೆ ಸಿಕ್ಕಿತು. ಮನೆ ಸಿಕ್ಕ ಮಾತ್ರಕ್ಕೆ ಮಳೆಯ ಸದ್ದಿಗೆ ಎದ್ದು ಕೂರುವ ಅಭ್ಯಾಸ ಹೋಗುವುದಿಲ್ಲ. ನಿದ್ದೆಗಾಗಿ ಶುರುವಾದ ಒಂದು ಕ್ವಾರ್ಟರ್ ದಿನಚರಿಯಾಗುತ್ತದೆ. ಹೀಗಿದ್ದಾಗ ಕುಡಿತವೊಂದನ್ನೇ ಬಿಡಿಸಿದರೆ ಭಯ ಉಳಿಯುತ್ತದೆ, ಭಯ ಮತ್ತೆ ಬಾಟ್ಲಿಯತ್ತ ಎಳೆಯುತ್ತದೆ. ಎರಡಕ್ಕೂ ಒಂದೇ ಕಡೆ ಚಿಕಿತ್ಸೆ ಸಿಗಬೇಕು. ಕುಡಿತದಿಂದಲೇ ಬಂದ ಖಿನ್ನತೆಯಾದರೆ ಬಿಟ್ಟ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದೂ ಉಂಟು. ಅದನ್ನು ಬೇರ್ಪಡಿಸಿ ನೋಡಲಿಕ್ಕಾದರೂ ರೋಗಿ ಮತ್ತೆ ಬರಬೇಕು.

ಖಿನ್ನತೆಯ ಮಾತ್ರೆಗಳ ಕಥೆಯೂ ಮರುಭೇಟಿಯಲ್ಲೇ ಎಡವುತ್ತದೆ. ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆ ಭಾರ ಮಾತ್ರ ಗೊತ್ತಾಗುತ್ತದೆ. ‘ಇದು ನನಗೆ ಆಗಿಬರಲ್ಲ’ ಎಂದು ಡಬ್ಬಿ ಮುಚ್ಚಿಡುತ್ತಾರೆ. ಹೆಂಗಸರಲ್ಲಂತೂ ಇದು ಹೆಚ್ಚು. ಗಂಡನ ಕುಡಿತಕ್ಕೆ ಚೀಟಿ ಮಾಡಿಸಲು ಬಂದವಳ ನಿದ್ದೆ, ಊಟ, ಅಳುವಿನ ಬಗ್ಗೆ ಕೇಳುವವರೇ ಇರುವುದಿಲ್ಲ. ಅವಳ ಹೆಸರಿಗೂ ಒಂದು ಚೀಟಿ ಬೇಕಿರುತ್ತದೆ.

ಗಾಂಜಾ, ಸಿಂಥೆಟಿಕ್ ಡ್ರಗ್ಸ್ ವಿಷಯದಲ್ಲಿ ಪೊಲೀಸ್ ಕೇಸಿನ ಭಯಕ್ಕೆ ಯುವಕರ ಮನೆಯವರು ಆಸ್ಪತ್ರೆಯ ಹತ್ತಿರ ಸುಳಿಯುವುದಿಲ್ಲ. ತಾನಾಗಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಂ ಮಾದಕ ವಸ್ತುಗಳ ಕುರಿತ ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ. ಜಾಗೃತಿ ಜಾಥಾಗಳಲ್ಲಿ ಇದನ್ನು ಹೇಳಬೇಕು.

ಕಾನೂನು ಈಗಾಗಲೇ ಹೊರರೋಗಿ ಚಿಕಿತ್ಸೆಯ ಪರವಾಗಿದೆ. 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮನಸ್ಸಿನ ತೊಂದರೆಯನ್ನೂ ಮನೋರೋಗ ಎಂದೇ ಪರಿಗಣಿಸುತ್ತದೆ. ಸಮುದಾಯದಲ್ಲೇ ಚಿಕಿತ್ಸೆ ಕೊಟ್ಟು ನೋಡಿ, ಅದು ಫಲಿಸದಿದ್ದಾಗ ಮಾತ್ರ ದೀರ್ಘಕಾಲ ಆಸ್ಪತ್ರೆಯಲ್ಲಿ ಇರಿಸಬೇಕು ಎನ್ನುತ್ತದೆ ಅದರ 18ನೇ ಕಲಂ. ಆದರೆ ದುಡ್ಡು ಹರಿಯುವ ದಿಕ್ಕು ಬೇರೆ. ಆಯುಷ್ಮಾನ್ ಭಾರತ್ ಮೂಲತಃ ಆಸ್ಪತ್ರೆಗೆ ಸೇರಿದವರಿಗೆ. ಖಾಸಗಿ ವಿಮೆಗಳಲ್ಲೂ ಹೊರರೋಗಿ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಸೇರಿಸುವುದೇ ದೊಡ್ಡ ಚಿಕಿತ್ಸೆ ಎಂಬ ನಂಬಿಕೆಗೆ ಸರ್ಕಾರದ ಕಾರ್ಡೂ ಒತ್ತು ಕೊಟ್ಟಂತಾಗಿದೆ.

ಇರುವ ವ್ಯವಸ್ಥೆ ಸಣ್ಣದೇನಲ್ಲ. ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಆ ಮಾದರಿ ನಮ್ಮ ರಾಜ್ಯದ್ದೇ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮವೂ ಕರ್ನಾಟಕದ್ದು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಹಳ್ಳಿಗಳಲ್ಲೇ ನಡೆಯುತ್ತವೆ, ಬಿಟ್ಟವರನ್ನು ಒಟ್ಟಿಗೆ ಹಿಡಿದಿಡುವ ನವಜೀವನ ಸಮಿತಿಗಳಿವೆ. ಶಿಬಿರದವರು ಹಿಡಿದಿರುವ ಸತ್ಯ ಇದು: ಬಿಟ್ಟ ಮೇಲೆ ವಾರಕ್ಕೊಮ್ಮೆ ಮುಖ ನೋಡುವವರು ಬೇಕು. ಆಸ್ಪತ್ರೆ ಅದನ್ನು ಅವರಿಂದ ಕಲಿಯಬೇಕು. ಶಿಬಿರಗಳು ನಡುಕ, ಫಿಟ್ಸ್‌ನ ಔಷಧವನ್ನು ಆಸ್ಪತ್ರೆಗೆ ಬಿಡಬೇಕು.

ಹಾಗಾದರೆ ಮಾಡಬೇಕಾದ್ದೇನು? ಸಂತೆಯ ದಿನ ಚಿಕಿತ್ಸೆ ಇಡಿ. ಮಡಿಕೇರಿಗೆ ಶುಕ್ರವಾರ ಸಂತೆ. ತೋಟದವರು, ಆದಿವಾಸಿ ಹಾಡಿಯವರು ಹೇಗಿದ್ದರೂ ಸಾಮಾನಿಗೆ ಪೇಟೆಗೆ ಬರುತ್ತಾರೆ. ಪ್ರತಿ ಊರಿನ ಸಂತೆಯ ದಿನ ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮರುಭೇಟಿಯ ಸರದಿ ಇದ್ದರೆ ಕೂಲಿ ಕಳೆಯುವ ಪ್ರಶ್ನೆಯೇ ಬರುವುದಿಲ್ಲ. ಮೊದಲ ಬಾರಿ ಮನೋವೈದ್ಯರು ನೋಡಲಿ. ಸ್ಥಿತಿ ಸುಧಾರಿಸಿದ ಮೇಲೆ ಅದೇ ಮಾತ್ರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೆ ಆಗುವಷ್ಟು ಸಿಗಲಿ. ಸ್ಕಿಜೋಫ್ರೀನಿಯಾದಂಥ ತೀವ್ರ ಮನೋರೋಗಕ್ಕೆ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಅಲ್ಲೇ ಸಿಕ್ಕರೆ ದಿನದ ಮಾತ್ರೆ ಮರೆಯುವ ಚಿಂತೆ ಕಡಿಮೆ. ಬಾರದವರಿಗೆ ಮೂರನೆಯ ದಿನ ಒಂದು ಫೋನ್ ಹೋಗಲಿ, ಸಿಗ್ನಲ್ ಇಲ್ಲದ ಕಡೆ ಆಶಾ ಕಾರ್ಯಕರ್ತೆ ಹೋಗಿ ಬರಲಿ, ಆ ಕೆಲಸಕ್ಕೆ ಅವರಿಗೆ ಪ್ರತ್ಯೇಕ ಗೌರವಧನ ಸಿಗಲಿ. ಯರವ, ಜೇನುಕುರುಬ ಹಾಡಿಗಳಿಂದಲೇ ಒಬ್ಬಿಬ್ಬರಿಗೆ ಗೋವಾದಂತೆ ತರಬೇತಿ ಕೊಟ್ಟರೆ ಮಾತು ಅವರ ಮಾತಲ್ಲೇ ನಡೆಯುತ್ತದೆ. ಅಸ್ಸಾಮಿನಿಂದ ಬಂದ ಕಾರ್ಮಿಕರಿಗೂ ಇದೇ ಬೇಕು.

ತೋಟದ ಮಾಲೀಕರ ಪಾಲೂ ಇದೆ. ಕಾರ್ಮಿಕರ ವೈದ್ಯಕೀಯ ಸೌಲಭ್ಯದ ಹೊಣೆ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ದೊಡ್ಡ ತೋಟಗಳ ಮೇಲಿದೆ. ಕುಡಿತದ ಚಿಕಿತ್ಸೆಗೆ ಹೋದ ದಿನಕ್ಕೆ ಕೂಲಿ ಕಡಿಯದಿರುವುದು, ಚಿಕಿತ್ಸೆಯಲ್ಲಿರುವವರ ಬಟವಾಡೆಯನ್ನು ಅವರು ಒಪ್ಪಿದರೆ ಹೆಂಡತಿಯ ಖಾತೆಗೆ ಹಾಕುವುದು, ತೋಟದ ಲೆಕ್ಕ ನೋಡುವ ರೈಟರ್ ಮತ್ತು ಮೇಸ್ತ್ರಿಗಳಿಗೆ ನಡುಕ, ಫಿಟ್ಸ್ ಗುರುತಿಸಲು ಹೇಳಿಕೊಡುವುದು ಇಷ್ಟಕ್ಕೆ ದೊಡ್ಡ ಖರ್ಚಿಲ್ಲ. ಕೆಲಸ ಮುಗಿದ ಸಂಜೆ ಕೂಲಿಯ ಜೊತೆ ಕ್ವಾರ್ಟರ್ ಕೊಡುವ ರೂಢಿ ಇರುವ ಕಡೆ ಅದು ನಿಲ್ಲಲೇಬೇಕು.

ಮನೆಯವರಿಗೆ ಕೆಲವು ಮಾತು. ರೋಗಿ ಒಪ್ಪದಿದ್ದರೆ ನೀವೇ ಮೊದಲು ಹೋಗಿ ಮಾತಾಡಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು; ವ್ಯಸನಕ್ಕೆಂದೇ 14446 ಇದೆ. ಮನಸ್ಸು ಕುಸಿದವರಿರುವ ಮನೆಯಲ್ಲಿ ಕೋವಿಯನ್ನೂ ತೋಟಕ್ಕೆ ಹೊಡೆಯುವ ವಿಷದ ಔಷಧಿಯನ್ನೂ ಸ್ವಲ್ಪ ಕಾಲ ನೆಂಟರ ಮನೆಗೆ ಸಾಗಿಸಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗುವಾಗ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಚೀಟಿಗಳು ಜೊತೆಗಿರಲಿ. ಕೊನೆಯ ಬಾರಿ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡಬೇಡಿ. ಹೊರಡುವ ಮುಂಚೆ ಡಾಕ್ಟರ ಹತ್ತಿರ ಎರಡು ವಿಷಯ ಬರೆಸಿಕೊಳ್ಳಿ: ಮತ್ತೆ ಯಾವ ತಾರೀಖಿಗೆ ಬರಬೇಕು, ಅಷ್ಟರೊಳಗೆ ಮಾತ್ರೆ ಮುಗಿದರೆ ಅಥವಾ ತೊಂದರೆ ಹೆಚ್ಚಾದರೆ ಹತ್ತಿರದಲ್ಲಿ ಯಾರನ್ನು ಕಾಣಬೇಕು.